ತುಟಿ ಬರೆದ ಕಾರು ಮತ್ತು ದೊಡ್ಡಮ್ಮನ ಹಲ್ಲುಪುಡಿ

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಸಾಲು ನೇರವಾಗಿ ಬರಲಿ ಎಂದು ಗೆರೆ ಎಳೆದ ಹಾಳೆಯೊಂದನ್ನು ಅಡಿಗೆ ಇಟ್ಟುಕೊಂಡು ಬರೆದಿದ್ದೇನೆ. ಆದರೂ ಸಾಲಿನ ಕೊನೆಯ ಪದಗಳು ಕೆಳಗೆ ಜಾರುತ್ತವೆ. ಪದಗಳೂ ಅಷ್ಟಕ್ಕಷ್ಟೇ, ಏಕೆಂದರೆ ಒಂಬತ್ತನೇ ತರಗತಿಯ ಅರ್ಧದಲ್ಲೇ ನಾನು ಶಾಲೆ ಬಿಟ್ಟೆ. ಎದ್ದು ನಿಂತು ಓದು ಎಂದರೆ ನಾನು ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು ಕೂತುಬಿಡುತ್ತಿದ್ದೆ. ನಮ್ಮ ಅಜ್ಜಂಪುರದ ಮಹಿಳಾ ಸಮಾಜದವರು ಕೈಬರಹದ ಪತ್ರಿಕೆ ಮಾಡುತ್ತೇವೆ, ನಿಮಗೆ ಗೊತ್ತಿರುವ ಒಬ್ಬರ ಬಗ್ಗೆ ಬರೆದುಕೊಡಿ, ಅವರು ದೊಡ್ಡ ಮನುಷ್ಯರೇ ಆಗಬೇಕಾಗಿಲ್ಲ ಎಂದರು. ಬರೆಯುವುದಕ್ಕೆ ಎದ್ದು ನಿಲ್ಲಬೇಕಾಗಿಲ್ಲವಲ್ಲ ಎಂದು ಒಪ್ಪಿಕೊಂಡೆ. ನಾನು ಕಣ್ಣಾರೆ ಕಂಡದ್ದನ್ನು ಕಂಡೆ ಎಂದೂ, ಕೇಳಿದ್ದನ್ನು ಕೇಳಿದೆ ಎಂದೂ ಬರೆಯುತ್ತೇನೆ. ದೊಡ್ಡಮ್ಮನನ್ನು ಏಕವಚನದಲ್ಲಿ ಬರೆದರೆ ತಪ್ಪು ತಿಳಿಯಬೇಡಿ, ನಮ್ಮ ಮನೆಯಲ್ಲಿ ಹಾಗೇ ಮಾತಾಡುವುದು.

ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ, ವಿಶಾಲಾಕ್ಷಮ್ಮ. ತವರು ಲಿಂಗದಹಳ್ಳಿ, ಕೊಟ್ಟಿದ್ದು ಅಜ್ಜಂಪುರಕ್ಕೆ. ಆಳು ಕುಳ್ಳು, ದನಿ ಸಣ್ಣದು. ಐವತ್ತು ದಾಟಿದರೂ ಕೊಬ್ಬರಿ ಗಿಟುಕನ್ನು ಹಲ್ಲಿನಲ್ಲೇ ಮುರಿಯುತ್ತಾಳೆ. ಅಷ್ಟು ಒಳ್ಳೆಯ ಹಲ್ಲಿದ್ದೂ ನಗುವಾಗ ಬಾಯಿ ಬಿಡುವುದಿಲ್ಲ, ಭುಜ ಮಾತ್ರ ಕುಣಿಯುತ್ತದೆ. ಅವಳ ಭುಜ ನೋಡಿ, ಈಗ ಏನೋ ಆಗಲಿದೆ ಎಂದು ನಾನು ತಿಳಿದುಕೊಳ್ಳುವುದು.

ಆ ಹಲ್ಲಿಗೆ ಕಾರಣ ಅವಳೇ ಮಾಡುವ ಹಲ್ಲುಪುಡಿ. ಭತ್ತದ ಹೊಟ್ಟನ್ನು ಸುಟ್ಟು ಕರಿ ಮಾಡಿ, ಅದಕ್ಕೆ ಉಪ್ಪು, ಲವಂಗ, ಪಟಿಕ, ಮೆಣಸು ಸೇರಿಸಿ ಒರಳಿನಲ್ಲಿ ಅರೆದು, ಮಲ್ಲು ಬಟ್ಟೆಯಲ್ಲಿ ಮೂರು ಸಲ ಸೋಸುತ್ತಾಳೆ. ಇನ್ನೂ ಒಂದು ಸಾಮಾನು ಹಾಕುತ್ತಾಳೆ. ಅದು ನನಗೆ ಗೊತ್ತು, ಆದರೆ ಬರೆಯುವುದಿಲ್ಲ.

ಗಂಡ ಷಡಕ್ಷರಪ್ಪನವರು ಇರುವ ತನಕ ಪುಡಿಯನ್ನು ಸೈಕಲ್ಲಿನ ಮೇಲೆ ಅಂಗಡಿಗಳಿಗೆ ಹಾಕುತ್ತಿದ್ದರು. ಆಗ ಅದಕ್ಕೆ ಹೆಸರೇ ಇರಲಿಲ್ಲ. ಅವರು ತೀರಿಕೊಂಡ ಮೇಲೆ ಅವರ ಅಣ್ಣ, ದೊಡ್ಡಮ್ಮನ ಭಾವ, ಸೋಮಶೇಖರಪ್ಪನವರು ವ್ಯಾಪಾರ ನೋಡಿಕೊಂಡರು. ಅವರು ಮಾಡಿದ ಮೊದಲ ಕೆಲಸ ಪೊಟ್ಟಣದ ಮೇಲೆ ‘ಸೋಮಶೇಖರ ದಂತಮಂಜನ’ ಎಂದು ಅಚ್ಚು ಹಾಕಿಸಿದ್ದು. ಕೆಳಗೆ ದಪ್ಪ ಮೀಸೆಯ ಅವರದೇ ಚಿತ್ರ. ಚಿತ್ರದಲ್ಲಿ ಬಾಯಿ ಮುಚ್ಚಿಕೊಂಡಿದ್ದಾರೆ. ಹೊಗೆಸೊಪ್ಪಿನ ಅಭ್ಯಾಸದಿಂದ ಅವರಿಗೆ ಆಗಲೇ ಹಲ್ಲು ಒಂದೂ ಉಳಿದಿರಲಿಲ್ಲ. ಹಾಗಿದ್ದರೂ ಕಡೂರಿನಿಂದ ತರೀಕೆರೆಯವರೆಗೆ ಜನ ಅಂಗಡಿಗೆ ಹೋಗಿ ಮೀಸೆ ಪುಡಿ ಕೊಡಿ ಎಂದೇ ಕೇಳುತ್ತಿದ್ದರು. ಅರೆಯುತ್ತಿದ್ದವಳು ಮಾತ್ರ ದೊಡ್ಡಮ್ಮ.

ಎಂಬತ್ತಮೂರನೇ ಇಸವಿಯ ಬೇಸಿಗೆಯಲ್ಲಿ ಆ ಮನೆ ಪಾಲಾಯಿತು. ನಾನು ಆಗಷ್ಟೇ ಶಾಲೆ ಬಿಟ್ಟು ದೊಡ್ಡಮ್ಮನ ಜೊತೆಗಿರಲು ಬಂದಿದ್ದೆ, ಆದ್ದರಿಂದ ಇದು ಕಂಡದ್ದು. ನಮ್ಮ ಊರಲ್ಲಿ ಪಾಲು ಮಾಡಲು ಪಂಚಾಕ್ಷರಪ್ಪನವರೇ ಬರಬೇಕು. ಅವರು ಶಾನುಭೋಗರ ಹತ್ತಿರ ಬರೆದುಕೊಂಡು ಇದ್ದವರು, ಪಂಚೆಗೆ ನೀಲಿ ಹಾಕಿ ಒಗೆಸಿ ಇಸ್ತ್ರಿ ಮಾಡಿಸದೆ ಹೊರಗೆ ಬರುವುದಿಲ್ಲ. ಪಾತ್ರೆಗಳ ವಿಷಯದಲ್ಲಿ ಅವರಿಗೆ ಒಂದು ಕಾನೂನಿದೆ. ಬೀದಿಯ ಮದುವೆಗಳಿಗೆ ಎರವಲು ಹೋದ ಪಾತ್ರೆ ಬೆರೆತುಹೋಗಬಾರದು ಎಂದು ಎಲ್ಲರೂ ಪಾತ್ರೆಯ ಮೇಲೆ ಹೆಸರು ಕೊರೆಸಿರುತ್ತಾರಲ್ಲ, ಪಾಲಿನ ದಿನ ಒಂದೊಂದನ್ನೂ ಮಗುಚಿ, ಕನ್ನಡಕ ಏರಿಸಿ ಓದುತ್ತಾರೆ. ಹೆಸರಿದ್ದವರದು ಪಾತ್ರೆ. ಅದರ ಮೇಲೆ ಮಾತಿಲ್ಲ.

ದೊಡ್ಡಮ್ಮನ ತವರಿನಿಂದ ಬಂದ ತಾಮ್ರದ ಹಂಡೆ ಒಂದಿತ್ತು. ಅದರಲ್ಲಿ ನೀರು ಕಾಯಿಸಿ ಮೂವತ್ತು ವರ್ಷ ಇಡೀ ಮನೆಗೆ ಸ್ನಾನಕ್ಕೆ ಕೊಟ್ಟವಳು ಅವಳು. ಹಂಡೆಯನ್ನು ಯಾರು ಎರವಲು ಕೇಳುತ್ತಾರೆ ಎಂದು ಅವಳ ತಂದೆ ಹೆಸರು ಹಾಕಿಸಿರಲಿಲ್ಲ. ಒಂದು ವರ್ಷ ಹೆಸರು ಕೊರೆಯುವವನು ಬೀದಿಗೆ ಬಂದಾಗ ಸೋಮಶೇಖರಪ್ಪನವರು ಮನೆಯಲ್ಲಿದ್ದದ್ದನ್ನೆಲ್ಲ ಅವನ ಮುಂದೆ ಸುರಿದಿದ್ದರು. ಸೌಟಿನ ಮೇಲೂ ಅವರ ಹೆಸರು, ಎಲೆಅಡಿಕೆ ಡಬ್ಬಿಯ ಮುಚ್ಚಳದ ಮೇಲೂ ಅವರ ಹೆಸರು. ಹಂಡೆಯ ಕಂಠದ ಮಸಿ ಕೆರೆದು ನೋಡಿದರೆ ಅಲ್ಲೂ ಅವರದೇ. ಹಂಡೆ ಹೋಯಿತು. ಆಮೇಲೆ ಅವರು ಹಲ್ಲುಪುಡಿಯ ಪೊಟ್ಟಣವೊಂದನ್ನು ತಂದು ಮುಂದಿಟ್ಟು, ಇದರ ಮೇಲೂ ಓದಿ ಎಂದರು. ಪಂಚಾಕ್ಷರಪ್ಪನವರು ಓದಿದರು. ಪುಡಿಯ ವ್ಯಾಪಾರವೂ ಹೋಯಿತು.

ನಮ್ಮ ಪಾಲಿಗೆ ಹಿತ್ತಲ ಕಡೆಯ ಎರಡು ಕೋಣೆ, ಒರಳು ಮತ್ತು ಎಮ್ಮೆ ಬಂದವು. ಒರಳನ್ನು ಕಿತ್ತು ಎತ್ತಲು ನಾಲ್ಕು ಜನ ಬೇಕಾಗಿತ್ತು, ಅದಕ್ಕೆ ಬಿಟ್ಟರು. ಎಮ್ಮೆಯ ಮೇಲೆ ಹೆಸರಿರಲಿಲ್ಲ. ಆದರೆ ಹಗ್ಗ ಹಿಡಿಯಲು ಹೋದ ಸೋಮಶೇಖರಪ್ಪನವರನ್ನು ಅದು ಒದೆಯಿತು, ಅಲ್ಲಿಗೆ ಅದರ ತೀರ್ಮಾನವೂ ಆಯಿತು.

ದೊಡ್ಡಮ್ಮ ಅಳಲಿಲ್ಲ. ಮಾರನೇ ದಿನವೇ ಪುಡಿ ಅರೆದು, ಹಳೇ ಪೇಪರಿನಲ್ಲಿ ಕಟ್ಟಿ, ಕಡೂರಿನ ಬಸ್ಸು ಹತ್ತಿದಳು. ಅಂಗಡಿಯವರು ಮೂಸಿ ನೋಡಿ ಅದೇ ಪುಡಿ ಎಂದು ಒಪ್ಪಿದರು, ಆದರೆ ತೆಗೆದುಕೊಳ್ಳಲಿಲ್ಲ. ಮೀಸೆ ಇಲ್ಲದಿದ್ದರೆ ಗಿರಾಕಿ ಮುಟ್ಟುವುದಿಲ್ಲ, ವಿಶಾಲಾಕ್ಷಮ್ಮ ಎಂದರೆ ಯಾರು ಎಂದು ಕೇಳುತ್ತಾರೆ ಎಂದರು. ಅತ್ತ ಭಾವನ ಮನೆಯಲ್ಲಿ ಅವರ ಹೆಂಡತಿ ಕರಿಬಸಮ್ಮನವರು ಪುಡಿ ಮಾಡಲು ಕುಳಿತರು. ಸೋಸುವುದು ಒಂದೇ ಸಲ. ಅದರಲ್ಲಿ ಹಲ್ಲುಜ್ಜಿದರೆ ಮಣ್ಣು ಕಡಿದ ಹಾಗಾಗುತ್ತಿತ್ತು ಎಂದು ಕೇಳಿದೆ. ಆದರೂ ಮೀಸೆ ನೋಡಿ ಜನ ಕೊಳ್ಳುತ್ತಿದ್ದರು.

ಲಿಂಗದಹಳ್ಳಿಯಿಂದ ನನ್ನ ಸೋದರಮಾವ ಬೆನಕಪ್ಪ ಬಂದು ಅಕ್ಕನ ಮುಂದೆ ಕುಳಿತ. ದೀಪಾವಳಿಯವರೆಗೆ ನೋಡು, ಪುಡಿ ನಡೆಯದಿದ್ದರೆ ಹಬ್ಬಕ್ಕೆ ಗಾಡಿ ತರುತ್ತೇನೆ, ಸಾಮಾನು ಹೇರಿಕೊಂಡು ನಮ್ಮ ಮನೆಗೇ ಬಂದುಬಿಡು ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅವನು ಹೋದ ಮೇಲೆ ದೊಡ್ಡಮ್ಮ ಒರಳಿನ ಕಟ್ಟೆಯ ಮೇಲೆ ಕೂತು ನನಗೆ ಹೇಳಿದಳು, “ತವರಿಗೆ ಹಬ್ಬಕ್ಕೆ ಹೋಗಬೇಕು ಕಣೇ ಪಂಕಜಾ, ಇರೋದಕ್ಕೆ ಹೋಗಬಾರದು.”

ಶ್ರಾವಣ ಕಳೆದ ಮೇಲೆ ಕಡೂರಿನಿಂದ ಅಬ್ದುಲ್ ಮಜೀದ್ ಎಂಬ ಮೆಕ್ಯಾನಿಕ್ಕು ಸೋಮಶೇಖರಪ್ಪನವರನ್ನು ಹುಡುಕಿಕೊಂಡು ಬಂದರು. ಬೆಂಗಳೂರಿನವರು ಒಂದು ಮೋಟಾರ್ ರ‍್ಯಾಲಿ ನಡೆಸುತ್ತಿದ್ದರು. ಕಾರುಗಳು ಕಡೂರು, ಅಜ್ಜಂಪುರ, ಅಮೃತಾಪುರ, ತರೀಕೆರೆ, ಲಿಂಗದಹಳ್ಳಿ ದಾಟಿ ಬೆಟ್ಟ ಹತ್ತಿ ಇಳಿಯಬೇಕಿತ್ತು. ಮಜೀದ್ ಸಾಬರು ಗುಜರಿಯ ಕಾರೊಂದನ್ನು ಮೂರು ವರ್ಷ ಕೂತು ರಿಪೇರಿ ಮಾಡಿದ್ದರು. ಅದರಲ್ಲಿ ಓಡಬೇಕೆಂದು ಅವರ ಆಸೆ. ಆದರೆ ಟೈರಿರಲಿಲ್ಲ. ದೊಡ್ಡ ಟೀಮುಗಳಿಗೆಲ್ಲ ಟೈರಿನ ಕಂಪನಿ, ಎಣ್ಣೆಯ ಕಂಪನಿ, ಟೀಪುಡಿಯ ಕಂಪನಿ ಖರ್ಚು ಕೊಟ್ಟು ಟೀಮಿಗೇ ತಮ್ಮ ಹೆಸರು ಇಡುತ್ತವಂತೆ, ಹಲ್ಲುಪುಡಿಯೂ ಇಡಬಹುದಲ್ಲ ಎಂದು ಕೇಳಲು ಬಂದಿದ್ದರು. ಸೋಮಶೇಖರಪ್ಪನವರು ಜಗಲಿಯಲ್ಲಿ ಕೂತು, ಹಲ್ಲಿಗೂ ಕಾರಿಗೂ ಏನಯ್ಯಾ ಸಂಬಂಧ ಎಂದು ನಕ್ಕು ಕಳಿಸಿಬಿಟ್ಟರು.

ದೊಡ್ಡಮ್ಮ ಗೋಡೆಯ ಈ ಕಡೆ ಲವಂಗ ಆರಿಸುತ್ತಿದ್ದವಳು ಎದ್ದಳು. ಮಜೀದ್ ಸಾಬರು ಹಿತ್ತಲ ಬಾಗಿಲ ಮುಂದೆ ಹಾದುಹೋಗುವಾಗ ನಿಲ್ಲಿಸಿ ಕೇಳಿದಳು.

“ಸಾಬ್ರೇ, ಟೈರು ಕೊಟ್ಟೋರ ಹೆಸರು ಕಾರಿನ ಮೇಲೆ ಬರೀತೀರಾ?”

“ಬರೀತೀವಮ್ಮಾ. ಎರಡು ಬಾಗಿಲಿಗೂ. ಟೀಮೇ ಅವರ ಹೆಸರಿಂದು.”

“ಗಂಡಸರೇ ಆಗ್ಬೇಕಾ?”

ಮಜೀದ್ ಸಾಬರು ಸ್ವಲ್ಪ ಯೋಚಿಸಿ, ಹಾಗೇನೂ ರ‍್ಯಾಲಿಯವರ ಚೀಟಿಯಲ್ಲಿ ಬರೆದಿಲ್ಲ ಎಂದರು. ಆಮೇಲೆ ಅವರಿಗೆ ಸಂಕೋಚವಾಯಿತೆಂದು ಕಾಣುತ್ತದೆ, ಗೆಲ್ಲುತ್ತೇನೆ ಎಂದು ಮಾತ್ರ ಹೇಳಲಾರೆ ಎಂದೂ ಸೇರಿಸಿದರು.

“ನೀವು ಗೆಲ್ಲೋದು ಬೇಡ. ಕಡೂರಿಂದ ತರೀಕೆರೆ ತನಕ ಜನದ ಕಣ್ಣಿಗೆ ಬಿದ್ರೆ ಸಾಕು.”

ಆ ವಾರ ಎಮ್ಮೆ ಕಡೂರಿಗೆ ಹೋಯಿತು, ಟೈರು ಬಂದವು. ಹೋಗುವಾಗ ಎಮ್ಮೆ ಮಜೀದ್ ಸಾಬರನ್ನೂ ಒದೆಯಿತು. ಅವರು ತಪ್ಪು ತಿಳಿಯಲಿಲ್ಲ.

ಬಣ್ಣ ಬಳಿದವರು ತರೀಕೆರೆ ಬಸ್ ಸ್ಟ್ಯಾಂಡಿನ ಹಿಂದಿರುವ ಗೌಸ್ ಪೀರ್. ಲಾರಿಗಳ ಹಿಂದೆ ಗಿಣಿ, ಕಮಲ, ದೃಷ್ಟಿ ತೆಗೆಯುವ ರಾಕ್ಷಸ ಬರೆಯುವುದರಲ್ಲಿ ಹೆಸರಾದವರು. ಬಿಳೀ ಕಾರಿನ ಎರಡೂ ಬಾಗಿಲಿಗೆ ಕೆಂಪಕ್ಷರದಲ್ಲಿ ‘ವಿಶಾಲಾಕ್ಷಮ್ಮ ಹಲ್ಲುಪುಡಿ ಮೋಟಾರ್ ರೇಸಿಂಗ್ ಟೀಮ್, ಅಜ್ಜಂಪುರ’ ಎಂದು ಬರೆದರು. ಮುಂದೆ ದೊಡ್ಡಮ್ಮನ ಮುಖ ಬರೆಯುತ್ತೇನೆ, ಫೋಟೋ ಕೊಡಿ ಎಂದರು. ದೊಡ್ಡಮ್ಮ ಒಪ್ಪಲಿಲ್ಲ. ಅವರಿಗೆ ಕೈ ಸುಮ್ಮನಿರಲಿಲ್ಲ. ಕಾರಿನ ಮೂತಿಯಲ್ಲಿ ಸಾಲಾಗಿ ಕಂಬಿಗಳಿರುತ್ತವಲ್ಲ, ಅವು ಹಲ್ಲಿನ ಹಾಗೇ ಕಾಣುತ್ತವೆ ಎಂದು ಅವುಗಳ ಸುತ್ತ ಎರಡು ದಪ್ಪ ಕೆಂಪು ತುಟಿ ಬರೆದುಬಿಟ್ಟರು. ಕಂಬಿಗಳಿಗೆ ಹೊಳೆಯುವ ಬಿಳಿ ಬಳಿದರು. ಕಾರು ನಕ್ಕಿತು. ದೊಡ್ಡಮ್ಮ ನೋಡಿದಳು, ಭುಜ ಕುಣಿಯಿತು.

ದಾರಿ ಹೇಳುವ ಕೆಲಸಕ್ಕೆ ಮಜೀದ್ ಸಾಬರು ಆರಿಸಿದ್ದು ಕಂಡಕ್ಟರ್ ತೀರ್ಥಪ್ಪನನ್ನು. ಅವನು ಕಡೂರು–ತರೀಕೆರೆ ಬಸ್ಸಿನಲ್ಲಿ ಹನ್ನೆರಡು ವರ್ಷ ಸೀಟಿ ಊದಿದವನು. ರ‍್ಯಾಲಿಯವರು ಕೊಟ್ಟ ನಕ್ಷೆಯನ್ನು ಮಡಿಸಿ ಜೇಬಿಗೆ ಇಟ್ಟುಕೊಂಡು, ಆ ಊರಿಂದ ಈ ಊರಿಗೆ ಎರಡು ಬೀಡಿ, ಅಲ್ಲಿಂದ ಮುಂದಕ್ಕೆ ಒಂದೂವರೆ ಬೀಡಿ ಎಂದು ಲೆಕ್ಕ ಹೇಳಿದ. ಕಾರಿನಲ್ಲೂ ಒಂದು ಸೀಟಿಗೆ ನಿಲ್ಲಬೇಕು, ಎರಡಕ್ಕೆ ಹೋಗಬೇಕು ಎಂದು ಮಜೀದ್ ಸಾಬರಿಗೆ ಷರತ್ತು ಹಾಕಿದ.

ಎಲ್ಲ ಸರಿಯಾಯಿತು ಎನ್ನುವಾಗ, ರ‍್ಯಾಲಿಗೆ ಇನ್ನು ಎಂಟು ದಿನ ಇರುವಾಗ, ಕಾರಿನ ರೇಡಿಯೇಟರ್ ಸೋರಿತು. ಬೆಸೆದಷ್ಟೂ ಪಕ್ಕದಲ್ಲಿ ಸೋರುತ್ತಿತ್ತು. ಅದೇ ಜಾತಿಯ ಹಳೇ ಕಾರು ಸುತ್ತಮುತ್ತ ಒಂದೇ ಇತ್ತು. ಸೋಮಶೇಖರಪ್ಪನವರ ಕೊಟ್ಟಿಗೆಯಲ್ಲಿ, ಹುಲ್ಲಿನ ಕೆಳಗೆ. ಅಷ್ಟರಲ್ಲಿ ತುಟಿ ಕಾರಿನ ಸುದ್ದಿ ತರೀಕೆರೆಯಿಂದ ಅವರ ಕಿವಿಗೆ ಬಿದ್ದಿತ್ತು. ತಮ್ಮನ ಹೆಂಡತಿಯ ಹೆಸರು ಕಾರಿನ ಮೇಲೆ ಮೆರೆಯುತ್ತದೆ ಎಂದು ಎರಡು ದಿನ ಊಟ ಸೇರದೆ ಇದ್ದರಂತೆ. ಇದು ಕರಿಬಸಮ್ಮನವರು ಹೇಳಿದ್ದು. ರೇಡಿಯೇಟರ್ ಬಿಚ್ಚಿಕೊಂಡು ಹೋಗು, ಆದರೆ ಬಾಗಿಲ ಮೇಲೆ ‘ಸೋಮಶೇಖರ ದಂತಮಂಜನ’ ಎಂದೇ ಇರಬೇಕು, ಬೇರೆ ಹೆಸರು ಕಾಣಿಸಬಾರದು ಎಂದು ಮಜೀದ್ ಸಾಬರಿಗೆ ಹೇಳಿದರು.

ಮಜೀದ್ ಸಾಬರು ಹಿತ್ತಲ ಬಾಗಿಲಿಗೆ ಬಂದು ತಲೆ ತಗ್ಗಿಸಿ ನಿಂತರು. ನಿಮ್ಮ ಟೈರು ವಾಪಸ್ಸು ಕೊಡುತ್ತೇನೆ, ಈ ವರ್ಷ ಓಡುವುದೇ ಬೇಡ ಎಂದರು. ದೊಡ್ಡಮ್ಮ ಅವರಿಗೆ ಬೆಲ್ಲದ ಪಾನಕ ಕೊಟ್ಟಳು. ಓಡದ ಕಾರಿನ ಮೇಲೆ ನನ್ನ ಹೆಸರಿದ್ದು ಏನು ಮಾಡುವುದು, ಭಾವ ದೊಡ್ಡವರು, ಬರೆಸಿಕೊಳ್ಳಲಿ ಎಂದಳು. ನನಗೆ ಬಹಳ ಬೇಸರವಾಯಿತು. ಆದರೆ ಆಗ ಅವಳ ಭುಜ ನೋಡಿದೆ.

ಅವಳು ನನ್ನನ್ನು ಬೀದಿಯ ಅಂಗಡಿಗೆ ಕಳಿಸಿ, ಭಾವನ ಮೀಸೆ ಪುಡಿಯನ್ನೇ ಎರಡು ಪೊಟ್ಟಣ ಕೊಂಡು ತರಿಸಿದಳು. ಅದರ ಜೊತೆಗೆ ಒಂದಿಷ್ಟು ಗೋಂದು, ಒಂದಿಷ್ಟು ಸೀಮೆಸುಣ್ಣ ಕಟ್ಟಿ ನನ್ನ ಕೈಗೆ ಕೊಟ್ಟಳು.

“ಗೌಸ್ ಪೀರ್ ಸಾಬ್ರಿಗೆ ಕೊಡು. ಭಾವನ ಹೆಸರನ್ನ ಭಾವನ ಪುಡೀಲೇ ಬರೆದ್ರೆ ಲಕ್ಷಣವಾಗಿರುತ್ತೆ ಅಂತ ಹೇಳು. ಅಷ್ಟೇ ಹೇಳು, ಜಾಸ್ತಿ ಹೇಳ್ಬೇಡ.”

ನನಗೆ ಅಷ್ಟು ಹೇಳುವುದೇ ಜಾಸ್ತಿಯಾಗಿತ್ತು. ತರೀಕೆರೆಗೆ ಹೋಗಿ ಗೌಸ್ ಪೀರರ ಅಂಗಳದ ಬೆಂಚಿನ ಮೇಲೆ ಕುಳಿತೆ. ಒಂದು ಲಾರಿಯ ಗಿಣಿ ಮುಗಿದು ಇನ್ನೊಂದರ ಕಮಲ ಅರ್ಧವಾಗುವವರೆಗೆ ಬಾಯಿ ಬಿಡಲಿಲ್ಲ. ಕೊನೆಗೆ ಅವರೇ ಕೈಯಿಂದ ಪೊಟ್ಟಣ ತೆಗೆದುಕೊಂಡರು. ನಾನು ಮನಸ್ಸಿನಲ್ಲಿ ಬಾಯಿಪಾಠ ಮಾಡಿದ್ದನ್ನು ಒಂದೇ ಉಸಿರಿಗೆ ಹೇಳಿದೆ. ಅವರು ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ, ಗೋಂದು ನೋಡಿ, ನನ್ನನ್ನು ನೋಡಿದರು.

“ನೀರು ಬಿದ್ರೆ ಏನಮ್ಮಾ ಆಗುತ್ತೆ?”

“ಹೋಗುತ್ತೆ,” ಎಂದೆ. ಆ ದಿನ ನಾನು ಸ್ವಂತವಾಗಿ ಆಡಿದ ಮಾತು ಅದೊಂದೇ.

ಅವರು ಕೆಂಪಕ್ಷರದ ಮೇಲೆ ಸೀಮೆಸುಣ್ಣ ಮೆತ್ತಿ ಬಿಳಿ ಮಾಡಿ, ಅದರ ಮೇಲೆ ಹಲ್ಲುಪುಡಿಯ ಕಪ್ಪಿನಲ್ಲಿ ಸೋಮಶೇಖರಪ್ಪನವರ ಹೆಸರನ್ನು ಎಷ್ಟು ಚೆಂದವಾಗಿ ಬರೆದರೆಂದರೆ, ನೋಡಲು ಬಂದ ಸೋಮಶೇಖರಪ್ಪನವರು ಹೆಸರಿನ ಪಕ್ಕ ಮೀಸೆಯನ್ನೂ ಬರೆಸಿಕೊಂಡು ಹೋದರು. ತುಟಿ ಅಳಿಸಬೇಕೇ ಎಂದು ಕೇಳಿದ್ದಕ್ಕೆ, ಇರಲಿ, ಮೀಸೆಯ ಕೆಳಗೆ ತುಟಿ ಇರಬೇಕಾದ್ದೇ ಎಂದರಂತೆ.

ರ‍್ಯಾಲಿಯ ದಿನ ಅಜ್ಜಂಪುರದಲ್ಲಿ ಕಾರುಗಳ ಹೊತ್ತು ನೋಡಿ ಮುದ್ರೆ ಒತ್ತುವವರು ಒಂದು ಮೇಜು ಹಾಕಿಕೊಂಡು ಕುಳಿತಿದ್ದರು. ಊರೆಲ್ಲ ರಸ್ತೆಯ ಎರಡೂ ಕಡೆ ನಿಂತಿತ್ತು. ಈರುಳ್ಳಿ ಕಿತ್ತ ಕಾಲ. ಈರಭದ್ರಪ್ಪನವರು ರಸ್ತೆಯ ಪಕ್ಕ ಒಣಗಲು ಹಾಕಿದ್ದ ರಾಶಿಯ ಹಿಂದೆ ನಾನೂ ದೊಡ್ಡಮ್ಮನೂ ನಿಂತಿದ್ದೆವು. ದೊಡ್ಡ ಕಂಪನಿಗಳ ಕಾರುಗಳು ಒಂದರ ಹಿಂದೆ ಒಂದು ಬಂದು, ಮೇಜಿನ ಹತ್ತಿರ ಉಸಿರು ತೆಗೆದುಕೊಳ್ಳುವಷ್ಟು ನಿಂತು ಹೋದವು. ಮೈತುಂಬ ಹೆಸರು ಬರೆಸಿಕೊಂಡಿದ್ದವು, ಧೂಳಿನಲ್ಲಿ ಯಾರಿಗೂ ಒಂದನ್ನೂ ಪೂರ್ತಿ ಓದಲಾಗಲಿಲ್ಲ. ನನ್ನ ಪಕ್ಕದಲ್ಲಿದ್ದ ತಿಪ್ಪಮ್ಮಜ್ಜಿ, ಇಷ್ಟು ಬೇಗ ಹೋಗುವುದಾದರೆ ಬರೆಸಿದ್ದು ಯಾತಕ್ಕೆ ಎಂದಳು.

ಬಹಳ ಹೊತ್ತಿನ ಮೇಲೆ ದೂರದಿಂದ ಸೀಟಿ ಕೇಳಿತು. ನಮ್ಮ ಕಾರು. ಸೋಮಶೇಖರಪ್ಪನವರು ಮೊದಲೇ ಫೋಟೋದವನನ್ನು ಕರೆಸಿಕೊಂಡಿದ್ದರು. ಸೇವಂತಿಗೆ ಹಾರ ಹಿಡಿದು, ಕಾರಿಗೆ ಹಾಕಲು ರಸ್ತೆಯ ನಡುಮಧ್ಯಕ್ಕೆ ಹೋಗಿ ನಿಂತುಬಿಟ್ಟರು. ಕಾರೆಂದರೆ ಬಸ್ಸಿನ ಹಾಗೆ, ಕೈ ತೋರಿಸಿದರೆ ನಿಲ್ಲುತ್ತದೆ ಎಂದು ಅವರ ಎಣಿಕೆ. ತೀರ್ಥಪ್ಪ ಒಂದು ಸೀಟಿ ಊದಿದ, ಆಮೇಲೆ ನಿಲ್ಲಿಸದೆ ಊದಿದ. ಮಜೀದ್ ಸಾಬರು ಅವರನ್ನು ಉಳಿಸಲು ಎಡಕ್ಕೆ ತಿರುಗಿಸಿದರು.

ನಾವು ಹಿಂದಕ್ಕೆ ಹಾರಿಕೊಂಡೆವು. ಕಾರು ಈರುಳ್ಳಿ ರಾಶಿಯ ನಡುವೆ ನುಗ್ಗಿ ಈ ಕಡೆಯಿಂದ ಆ ಕಡೆ ಹೊರಟಿತು. ತಿಪ್ಪಮ್ಮಜ್ಜಿಯ ಹುಂಜ ಅಡ್ಡ ಬಂದು, ಬಾಲದ ಗರಿಗಳನ್ನು ಬಿಟ್ಟು, ಜೀವ ಉಳಿಸಿಕೊಂಡು ಗೋಡೆ ಹತ್ತಿತು. ಕೊನೆಗೆ ಕಾರಿನ ಚಕ್ರ ನಲ್ಲಿಯ ಹತ್ತಿರದ ಕೆಸರಿಗೆ ಇಳಿದು, ಆ ಕೆಸರೆಲ್ಲ ಎದ್ದು ಪಂಚಾಕ್ಷರಪ್ಪನವರ ನೀಲಿ ಹಾಕಿದ ಪಂಚೆಯ ಮೇಲೆ ಕುಳಿತಿತು. ಮನುಷ್ಯರಿಗೆ ಯಾರಿಗೂ ಏನೂ ಆಗಲಿಲ್ಲ.

ಕಾರು ಮೇಜಿನ ಹತ್ತಿರ ಮುದ್ರೆಗೆ ನಿಂತಾಗ ಸೋಮಶೇಖರಪ್ಪನವರು ಬೆವರು ಒರೆಸಿಕೊಂಡು ಓಡಿಬಂದು ಹಾರ ಹಾಕಿದರು. ಬಾಗಿಲನ್ನು ತಟ್ಟಿ, “ಓದ್ರೋ, ಯಾರ ಹೆಸರಿದೆ ಓದ್ರೋ” ಎಂದರು. ಊರಿನವರೆಲ್ಲ ಗಟ್ಟಿಯಾಗಿ ಓದಿದರು. ಪಂಚಾಕ್ಷರಪ್ಪನವರು ಕನ್ನಡಕದ ಮೇಲಿನ ಕೆಸರು ಒರೆಸಿಕೊಂಡು, ನಿಧಾನವಾಗಿ, ತಾವೂ ಓದಿದರು.

ಮುಂದಿನದು ತೀರ್ಥಪ್ಪ ಹೇಳಿದ್ದು. ಅಮೃತಾಪುರದ ಹತ್ತಿರ ಮಣ್ಣುದಾರಿಗೆ ಅಡ್ಡವಾಗಿ ಒಂದು ಹಳ್ಳ. ಮೇಲೆ ಮಳೆಯಾಗಿ ನೀರು ಅರ್ಧ ಚಕ್ರಕ್ಕೆ ಬಂದಿತ್ತು. ಇವರು ಎರಡು ಸೀಟಿ ಊದಿಕೊಂಡು ನುಗ್ಗಿದಾಗ ನೀರು ಎರಡೂ ಕಡೆ ರೆಕ್ಕೆಯ ಹಾಗೆ ಎದ್ದು ಬಾಗಿಲ ಮೇಲೆ ಬಿತ್ತು. ದಡ ಹತ್ತಿ ನೋಡಿದರೆ ಕಪ್ಪು ನೀರು ಇಳಿದುಹೋಗುತ್ತಿತ್ತು. ಮೊದಲು ಮೀಸೆ ಹೋಯಿತಂತೆ, ಆಮೇಲೆ ಹೆಸರು. ಅಡಿಯಲ್ಲಿ ಎಣ್ಣೆ ಬಣ್ಣದ ಕೆಂಪಕ್ಷರ ಹೊಸದಾಗಿ ಬರೆದ ಹಾಗಿತ್ತು.

ತರೀಕೆರೆಯ ಬಸ್ ಸ್ಟ್ಯಾಂಡಿನ ಮುಂದೆ ಜನ ಎಲ್ಲ ಕಾರುಗಳನ್ನೂ ನೋಡಿ ಮುಗಿಸಿ ಇನ್ನೇನು ಮನೆಗೆ ಹೋಗಬೇಕು, ಆಗ ನಮ್ಮದು ಬಂತು. ತುಟಿ ಬಿಟ್ಟು ನಗುತ್ತ, ಕತ್ತಿನಲ್ಲಿ ಒದ್ದೆ ಸೇವಂತಿಗೆ ಹಾರ ಹಾಕಿಕೊಂಡು, ಎತ್ತಿನ ಗಾಡಿಗಿಂತ ಸ್ವಲ್ಪ ಜೋರಾಗಿ. ಎಂಜಿನ್ ಕಾದಿತ್ತೆಂದು ಅಲ್ಲೇ ನಿಲ್ಲಿಸಿ ನೀರು ಹಾಕಿದರು. ಮಕ್ಕಳು ತುಟಿ ಮುಟ್ಟಿ ನೋಡಿದರು. ಓದು ಬಂದವರೆಲ್ಲ ಎರಡು ಮೂರು ಸಲ ಬಾಗಿಲು ಓದಿದರು, ಬಾರದವರಿಗೆ ಓದಿ ಹೇಳಿದರು. ಲಿಂಗದಹಳ್ಳಿಯಲ್ಲೂ ಹಾಗೇ ಆಯಿತು. ಒಟ್ಟಿನಲ್ಲಿ ಅವರು ಕೊನೆಯಿಂದ ಎರಡನೆಯವರಾಗಿ ಬಂದರು. ಕೊನೆಯ ಕಾರನ್ನು ಲಾರಿಯಲ್ಲಿ ಹೇರಿಕೊಂಡು ತಂದಿದ್ದರು.

ಮಾರನೇ ದಿನ ಬೆಳಿಗ್ಗೆ ಪಂಚಾಕ್ಷರಪ್ಪನವರ ಜಗಲಿಯಲ್ಲಿ ಸೇರಿದೆವು. ನಾನು ಕಂಬದ ಹಿಂದೆ ನಿಂತಿದ್ದೆ. ಈರಭದ್ರಪ್ಪನವರು ಜಜ್ಜಿದ ಈರುಳ್ಳಿ ಒಂದು ಬುಟ್ಟಿ ತಂದಿದ್ದರು, ಎಲ್ಲರ ಕಣ್ಣಲ್ಲೂ ನೀರು. ತಿಪ್ಪಮ್ಮಜ್ಜಿ ಹುಂಜವನ್ನೇ ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದಳು. ನಿನ್ನೆಯಿಂದ ಕೂಗಿಲ್ಲ, ಮುಂದೆ ಕೂಗದಿದ್ದರೆ ತನ್ನನ್ನು ಎಬ್ಬಿಸುವವರು ಯಾರು ಎಂದಳು. ಪಂಚಾಕ್ಷರಪ್ಪನವರ ಪಂಚೆ ಹಗ್ಗದ ಮೇಲೆ ಸಾಕ್ಷಿಯಾಗಿ ನೇತಾಡುತ್ತಿತ್ತು. ಇದಕ್ಕೆಲ್ಲ ಹೊಣೆ ಸೋಮಶೇಖರಪ್ಪನವರದು ಎಂದು ಮೂವರೂ ಹೇಳಿದರು. ಹೆಸರಿದ್ದವರದು ಪಾತ್ರೆ ಎಂದ ಮೇಲೆ ಹೆಸರಿದ್ದವರದು ಕಾರು.

ಸೋಮಶೇಖರಪ್ಪನವರು ಎದ್ದು ನಿಂತರು.

“ಇದೇನ್ರೀ ನ್ಯಾಯ? ಹೆಸರು ಬರೆದ ಮಾತ್ರಕ್ಕೆ ನಂದಾಗೋಯ್ತಾ? ಅದನ್ನ ಮಾಡ್ದೋನು ಮಜೀದು, ಕಷ್ಟ ಪಟ್ಟೋನು ಮಜೀದು. ಮಾಡ್ದೋರದು ವಸ್ತು ಕಣ್ರೀ. ಹೆಸರಲ್ಲೇನಿದೆ, ಯಾರು ಬೇಕಾದ್ರೂ ಬರೆಸ್ಕೋತಾರೆ.”

ತೀರ್ಪು ಹೇಳುವವರೆಂದರೆ ಪಂಚಾಕ್ಷರಪ್ಪನವರೊಬ್ಬರೇ, ಅವರು ಕನ್ನಡಕ ತೆಗೆದು ಮಡಿಸಿದರು. ದೊಡ್ಡಮ್ಮ ಬಾಗಿಲ ಪಕ್ಕದಿಂದ, ಸೆರಗು ಸರಿಮಾಡಿಕೊಂಡು, ಆ ಸಣ್ಣ ದನಿಯಲ್ಲಿ ಹೇಳಿದಳು.

“ಭಾವ ಹೇಳಿದ್ದು ಸರಿಯಾಗೇ ಇದೆ. ನಂಗೂ ಒಪ್ಪಿಗೆ. ಹಾಗಾದ್ರೆ ನಮ್ಮಪ್ಪ ಕೊಟ್ಟ ಹಂಡೆ ಇವತ್ತೇ ಕಳಿಸ್ತೀರಾ, ನಾಳೆ ಕಳಿಸ್ತೀರಾ?”

ಮೊದಲು ನಕ್ಕವಳು ತಿಪ್ಪಮ್ಮಜ್ಜಿ. ಆಮೇಲೆ ಜಗಲಿಯೆಲ್ಲ ನಕ್ಕಿತು. ಪಂಚಾಕ್ಷರಪ್ಪನವರು ನಗಲಿಲ್ಲ. ಎರಡರಲ್ಲಿ ಒಂದು ಆರಿಸಿಕೊಳ್ಳಪ್ಪಾ ಎಂದರು. ಹೆಸರು ದೊಡ್ಡದಾದರೆ ಈರುಳ್ಳಿ, ಹುಂಜ, ಪಂಚೆ ನಿನ್ನ ತಲೆಗೆ. ಮಾಡಿದ್ದು ದೊಡ್ಡದಾದರೆ ಹಂಡೆ ಅವಳದು, ಪುಡಿಯೂ ಅವಳದು. ಸೋಮಶೇಖರಪ್ಪನವರು ಈರುಳ್ಳಿ ಬುಟ್ಟಿ ನೋಡಿ ಬೆರಳು ಮಡಿಸಿ ಲೆಕ್ಕ ಹಾಕಿದರು. ಈರಭದ್ರಪ್ಪನವರ ರಾಶಿ ಸಣ್ಣದಾಗಿರಲಿಲ್ಲ. ಕೊನೆಗೆ, ಮಾಡಿದ್ದೇ ದೊಡ್ಡದು ಎಂದು ಮೆಲ್ಲಗೆ ಹೇಳಿ ಚಪ್ಪಲಿ ಹಾಕಿಕೊಂಡರು.

ಆ ಸಂಜೆ ಇಬ್ಬರು ಆಳುಗಳು ಹಂಡೆ ಹೊತ್ತು ತಂದು ಹಿತ್ತಲಲ್ಲಿಟ್ಟರು. ಅಚ್ಚಾಗಿರುವ ಪೊಟ್ಟಣಗಳು ಯುಗಾದಿಯವರೆಗೆ ನಡೆಯಲಿ, ಆಮೇಲೆ ಮೀಸೆ ಬೇಡ ಎಂದು ಮಾತಾಯಿತು. ಮಜೀದ್ ಸಾಬರೂ ತೀರ್ಥಪ್ಪನೂ ಬಂದು ಎರಡು ದಿನ ಕೂತು ಈರಭದ್ರಪ್ಪನವರ ಈರುಳ್ಳಿ ಆರಿಸಿಕೊಟ್ಟರು, ಕೆಟ್ಟಿದ್ದಕ್ಕೆ ದೊಡ್ಡಮ್ಮ ಆ ವರ್ಷವೆಲ್ಲ ಹಲ್ಲುಪುಡಿ ಕೊಟ್ಟಳು. ಪಂಚೆಯನ್ನು ನಾನೇ ಒಗೆದೆ. ಹುಂಜ ಒಂದು ವಾರದ ಮೇಲೆ ಕೂಗಿತು, ಆದರೆ ಅಂದಿನಿಂದ ಮಧ್ಯಾಹ್ನ ಕೂಗುತ್ತದೆ. ರೇಡಿಯೇಟರನ್ನು ದೊಡ್ಡಮ್ಮ ಬಿಚ್ಚಿಸಿ, ತೊಳೆಸಿ, ಭಾವನ ಮನೆಗೆ ವಾಪಸ್ಸು ಕಳಿಸಿದಳು. ಅದನ್ನು ಕಳಿಸದೆ ಇದ್ದರೆ ತಪ್ಪಾಗುತ್ತಿತ್ತು ಎಂದಳು.

ದೀಪಾವಳಿಗೆ ಬೆನಕಪ್ಪ ಮಾವ ಮಾತಿನಂತೆ ಗಾಡಿ ತಂದ. ಅಷ್ಟರಲ್ಲಿ ತರೀಕೆರೆಯ ಅಂಗಡಿಗಳಲ್ಲಿ ತುಟಿ ಪುಡಿ ಕೊಡಿ ಎಂದು ಕೇಳುವುದು ಶುರುವಾಗಿತ್ತು. ಗಾಡಿ ಖಾಲಿ ಹೋಗಬಾರದಲ್ಲ ಎಂದು ದೊಡ್ಡಮ್ಮ ಅದರ ತುಂಬ ಪುಡಿಯ ಪೊಟ್ಟಣ ಹೇರಿ ಲಿಂಗದಹಳ್ಳಿಯ ಅಂಗಡಿಗಳಿಗೆ ಕಳಿಸಿದಳು. ತಾನು ಮೂರು ದಿನ ಹಬ್ಬಕ್ಕೆ ಹೋಗಿ ಬಂದಳು.

ಇದಾಗಿ ಎರಡು ವರ್ಷವಾಯಿತು. ಪೊಟ್ಟಣದ ಮೇಲೆ ಈಗ ಗೌಸ್ ಪೀರ್ ಸಾಬರು ಬರೆದುಕೊಟ್ಟ ತುಟಿ ಇದೆ, ಅದರ ಕೆಳಗೆ ದೊಡ್ಡಮ್ಮನ ಹೆಸರಿದೆ. ಮೊನ್ನೆ ಸೋಮಶೇಖರಪ್ಪನವರು ಹೊಸ ಹಲ್ಲು ಕಟ್ಟಿಸಿಕೊಂಡು ಬಂದರು. ಅದನ್ನು ಉಜ್ಜಲು ಒಂದು ಪೊಟ್ಟಣ ತರಿಸಿಕೊಂಡರು. ಎಮ್ಮೆ ಕಡೂರಿನಲ್ಲಿದೆ, ಅಲ್ಲೂ ಒದೆಯುತ್ತದಂತೆ. ಮಜೀದ್ ಸಾಬರು ಮುಂದಿನ ರ‍್ಯಾಲಿಗೂ ಟೈರು ಕೇಳಿದ್ದಾರೆ. ಹಂಡೆಯ ಕಂಠದಲ್ಲಿ ಭಾವನ ಹೆಸರು ಹಾಗೇ ಇದೆ. ಅಳಿಸಿ ನಿನ್ನ ಹೆಸರು ಹಾಕಿಸು ಎಂದು ನಾನು ಹೇಳಿದ್ದಕ್ಕೆ ದೊಡ್ಡಮ್ಮ ಒಪ್ಪಲಿಲ್ಲ. ನೀರು ಕಾಯುವುದಕ್ಕೆ ಹೆಸರು ಅಡ್ಡ ಬರುವುದಿಲ್ಲ ಎಂದಳು.

ದೊಡ್ಡಮ್ಮನಿಗೆ ಈಚೆಗೆ ಬಸ್ಸಿನ ಮೆಟ್ಟಿಲು ಹತ್ತಿದರೆ ಮೊಣಕಾಲು ನೋಯುತ್ತದೆ. ಆದ್ದರಿಂದ ನಾಳೆ ಬೆಳಿಗ್ಗೆ ಈ ಹಾಳೆಗಳನ್ನು ಮಹಿಳಾ ಸಮಾಜಕ್ಕೆ ಕೊಟ್ಟು, ಎರಡು ಚೀಲ ಪುಡಿ ತೆಗೆದುಕೊಂಡು ನಾನೊಬ್ಬಳೇ ತರೀಕೆರೆಗೆ ಹೋಗುತ್ತೇನೆ, ಅಂಗಡಿಯವರ ಹತ್ತಿರ ನಾನೇ ಮಾತಾಡುತ್ತೇನೆ.